ರೇಷ್ಮೆಯ ನಾಡಿನಲ್ಲಿ ನಿಂತು ಝೋಲಾನನ್ನು ಓದುವಾಗ

ರಾಮನಗರದ ಸುತ್ತಿನ, ರೇಷ್ಮೆ ಹುಳುವಿನ ಮೊಟ್ಟೆ ತಯಾರಿಸುವ ಯಾವ ಬಿತ್ತನೆ ಕೋಠಿಯನ್ನು ಹೊಕ್ಕರೂ ಅಲ್ಲಿನ ಒಂದು ಕೊಠಡಿಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಕಣ್ಣಿಟ್ಟು ಕುಳಿತವರು ಕಾಣಸಿಗುತ್ತಾರೆ. ಮೊಟ್ಟೆಯಿಟ್ಟು ಮುಗಿಸಿದ ತಾಯಿ ಚಿಟ್ಟೆಯನ್ನು ಪುಟ್ಟ ಕಲಬತ್ತಿನಲ್ಲಿ ಅರೆದು, ಆ ರಸದ ಒಂದು ತೊಟ್ಟನ್ನು ಗಾಜಿನ ಪಟ್ಟಿಯ ಮೇಲಿರಿಸಿ, ಅದರೊಳಗೆ ಅಂಡಾಕಾರದ ಹೊಳೆಯುವ ಕಣಗಳೇನಾದರೂ ಇವೆಯೇ ಎಂದು ಅವರು ಅರಸುತ್ತಾರೆ. ಕಂಡರೆ, ಗಂಟು ರೋಗದ ಸೋಂಕು ತಾಯಿಯಲ್ಲಿದ್ದಿತೆಂದೂ ಅದು ಮೊಟ್ಟೆಗೂ ಇಳಿದಿರಬಹುದೆಂದೂ ತಿಳಿದು ಆ ಮೊಟ್ಟೆಗಳನ್ನು ನಾಶಪಡಿಸುತ್ತಾರೆ. ಈ ವಿಧಾನವನ್ನು ಲೋಕಕ್ಕೆ ಕೊಟ್ಟವನು ಲೂಯಿ ಪಾಶ್ಚರ್. ದಕ್ಷಿಣ ಫ್ರಾನ್ಸಿನ ರೇಷ್ಮೆ ಸಾಕಣೆಯನ್ನು ಈ ರೋಗವು ನೆಲಕ್ಕೆ ಕೆಡವಿದ್ದಾಗ, 1865ರಲ್ಲಿ ಆಲೆಸ್ ಎಂಬ ಊರಿಗೆ ಹೋಗಿ, ಅದುವರೆಗೆ ರೇಷ್ಮೆ ಹುಳುವಿನ ವಿಷಯದಲ್ಲಿ ಏನನ್ನೂ ಅರಿಯದಿದ್ದ ಆತನು ವರ್ಷಗಟ್ಟಲೆ ದುಡಿದು ತಾಯಿಯಿಂದ ಸಂತಾನಕ್ಕೆ ರೋಗವು ಸಾಗುವ ಬಗೆಯನ್ನು ಕಂಡುಹಿಡಿದನು.

ಅದೇ 1865ರಲ್ಲಿ ಪ್ಯಾರಿಸಿನಲ್ಲಿ ಕ್ಲೋದ್ ಬೆರ್ನಾರ್ ಎಂಬ ಶರೀರಶಾಸ್ತ್ರಜ್ಞನು ಪ್ರಯೋಗನಿಷ್ಠವಾದ ವೈದ್ಯವಿಜ್ಞಾನವನ್ನು ಕುರಿತ ತನ್ನ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದನು. ಅದೇ ನಗರದ ಹ್ಯಾಶೆಟ್ ಪ್ರಕಾಶನ ಸಂಸ್ಥೆಯಲ್ಲಿ, ಮೊದಲು ಪುಸ್ತಕದ ಕಟ್ಟುಗಳನ್ನು ಕಟ್ಟುವ ಕೆಲಸಕ್ಕೆ ಸೇರಿ ಅನಂತರ ಪ್ರಚಾರ ವಿಭಾಗಕ್ಕೆ ಏರಿದ್ದ ಇಪ್ಪತ್ತೈದರ ತರುಣನೊಬ್ಬನು ರಾತ್ರಿಯ ಹೊತ್ತು ಬರೆಯುತ್ತಿದ್ದನು. ಎಮಿಲ್ ಝೋಲಾ ಎಂಬ ಆ ತರುಣನು ಮುಂದೆ ಬೆರ್ನಾರನ ಗ್ರಂಥವನ್ನು ಕೈದೀವಿಗೆಯಾಗಿ ಹಿಡಿದು, ಕಾದಂಬರಿಕಾರನೂ ಒಬ್ಬ ಪ್ರಯೋಗಶೀಲನೇ ಎಂದು 1880ರಲ್ಲಿ ವಾದಿಸಿದನು. ತಾಯಿಯ ರೋಗವು ಮೊಟ್ಟೆಗೆ ಇಳಿಯುವುದನ್ನು ಪಾಶ್ಚರನು ಗಾಜಿನ ಪಟ್ಟಿಯ ಮೇಲೆ ನೋಡಿದಂತೆ, ಒಂದು ವಂಶದ ಆದಿಯಲ್ಲಿದ್ದ ದೋಷವು ಐದು ತಲೆಮಾರುಗಳ ಮೇಲೆ ಹೇಗೆ ಹೇಗೆ ಹರಿದು, ಒಬ್ಬನಲ್ಲಿ ಕುಡಿತವಾಗಿ, ಇನ್ನೊಬ್ಬನಲ್ಲಿ ಕೊಲೆಯ ತೃಷೆಯಾಗಿ, ಮತ್ತೊಬ್ಬನಲ್ಲಿ ಪ್ರತಿಭೆಯಾಗಿ ಪ್ರಕಟವಾಗುವುದೆಂಬುದನ್ನು ಇಪ್ಪತ್ತು ಸಂಪುಟಗಳಲ್ಲಿ ತೋರಿಸಲು ಆತನು ಹೊರಟನು. ಆ ವಂಶಪಾರಂಪರ್ಯದ ಸಿದ್ಧಾಂತವು ಕಾಲದ ಮುಂದೆ ನಿಲ್ಲಲಿಲ್ಲ. ಬಿತ್ತನೆ ಕೋಠಿಯಲ್ಲಿ ಪಾಶ್ಚರನ ವಿಜ್ಞಾನ ಇಂದಿಗೂ ಸತ್ಯ, ಝೋಲಾನ ವಿಜ್ಞಾನ ಹಳತಾಯಿತು. ಆದರೆ ಆತನ ನೋಟ ಹಳತಾಗಲಿಲ್ಲ. ಆ ನೋಟವೇ ರೇಷ್ಮೆಯನ್ನು ನೆಚ್ಚಿ ಬದುಕುವ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಮ್ಮ ನಾಲ್ಕು ತಾಲ್ಲೂಕುಗಳಿಗೆ ಅತ್ಯಂತ ಹತ್ತಿರವಾದದ್ದೆಂಬುದು ನನ್ನ ದೃಢವಾದ ನಂಬಿಕೆ.

ಝೋಲಾ ಹುಟ್ಟಿದ್ದು 1840ರ ಏಪ್ರಿಲ್ 2ರಂದು, ಪ್ಯಾರಿಸಿನಲ್ಲಿ. ಬೆಳೆದದ್ದು ದಕ್ಷಿಣದ ಎಕ್ಸ್ ಎಂಬ ಊರಿನಲ್ಲಿ. ತಂದೆ ಫ್ರಾಂಚೆಸ್ಕೊ ವೆನಿಸ್ ಮೂಲದ ಎಂಜಿನಿಯರು. ನೀರಿಗೆ ಬರವಿದ್ದ ಆ ಊರಿಗೆ ಕಮಾನಿನಾಕಾರದ ಅಣೆಕಟ್ಟೊಂದನ್ನೂ ಕಾಲುವೆಯನ್ನೂ ಯೋಜಿಸಿ, ಕೆಲಸವು ಆರಂಭವಾದೊಡನೆಯೇ 1847ರಲ್ಲಿ ತೀರಿಕೊಂಡನು. ಇನ್ನೂ ಏಳು ವರ್ಷ ತುಂಬದ ಮಗನಿಗೂ ತಾಯಿಗೂ ಉಳಿದದ್ದು ಸಾಲ ಮತ್ತು ವ್ಯಾಜ್ಯ. ಅಣೆಕಟ್ಟು ಮಾತ್ರ ಪೂರ್ಣವಾಯಿತು. ಇಂದಿಗೂ ಅದು ಝೋಲಾನ ಮನೆತನದ ಹೆಸರನ್ನೇ ಹೊತ್ತಿದೆ. ಎಕ್ಸ್‌ನ ಶಾಲೆಯಲ್ಲಿ ಆತನಿಗೆ ದೊರೆತ ಜೀವದ ಗೆಳೆಯ, ಮುಂದೆ ಚಿತ್ರಕಲೆಯ ದಿಕ್ಕನ್ನೇ ಬದಲಿಸಿದ ಪಾಲ್ ಸೆಜಾನ್. ಪ್ಯಾರಿಸಿಗೆ ಬಂದ ಮೇಲೆ ಝೋಲಾ ಪದವಿಪ್ರವೇಶದ ಪರೀಕ್ಷೆಯಲ್ಲಿ ಎರಡು ಸಲ ನಪಾಸಾದನು. ಬಂದರುಕಟ್ಟೆಯ ಕಚೇರಿಯಲ್ಲಿ ಕೆಲಕಾಲ ಗುಮಾಸ್ತನಾಗಿದ್ದು ಅದನ್ನೂ ಬಿಟ್ಟನು. ಬಡತನವನ್ನು ಪುಸ್ತಕದಲ್ಲಿ ಓದದೆ ಬಾಡಿಗೆಯ ಕೋಣೆಗಳಲ್ಲಿ ಉಂಡನು.

1867ರಲ್ಲಿ ‘ತೆರೇಸ್ ರಾಕೆಂ’ ಎಂಬ ಕಾದಂಬರಿ ಬಂದು ಗದ್ದಲವೆಬ್ಬಿಸಿತು. ಅಲ್ಲಿಂದ ಮುಂದೆ 1871ರಿಂದ 1893ರವರೆಗೆ, ‘ರೂಗೋಂ-ಮಕಾರ್’ ಎಂಬ ಸಮಗ್ರ ಹೆಸರಿನಡಿ, ಮೂರನೆಯ ನೆಪೋಲಿಯನ್ನನ ಸಾಮ್ರಾಜ್ಯದ ಕಾಲದಲ್ಲಿ ಬಾಳಿದ ಒಂದು ಕುಟುಂಬದ ಕಥೆಯಾಗಿ ಇಪ್ಪತ್ತು ಕಾದಂಬರಿಗಳು ಹೊರಬಂದವು. ಬಾಲ್ಜಾಕನು ಅದಕ್ಕೂ ಮೊದಲೇ ಸಮಾಜವನ್ನು ಸಮಗ್ರವಾಗಿ ಹಿಡಿಯುವ ಮಹಾಪ್ರಯತ್ನವನ್ನು ಮಾಡಿದ್ದನು; ಫ್ಲೋಬೇರನು ‘ಮದಾಂ ಬೊವಾರಿ’ಗಾಗಿ 1857ರಲ್ಲಿ ನ್ಯಾಯಾಲಯದ ಕಟಕಟೆಯನ್ನೇರಿ ಖುಲಾಸೆಯಾಗಿದ್ದನು. ಅವರಿಬ್ಬರಿಗಿಂತ ಝೋಲಾ ಎಲ್ಲಿ ಭಿನ್ನನೆಂದರೆ, ಅವನ ಶ್ರೇಷ್ಠ ಕಾದಂಬರಿಗಳಲ್ಲಿ ಮನುಷ್ಯರ ಹಿಂದೆ ನಿಂತು ಅವರನ್ನು ಆಡಿಸುವ ನಿಜವಾದ ನಾಯಕ ಒಂದು ಕಸುಬು, ಒಂದು ಪೇಟೆ, ಒಂದು ಯಂತ್ರ. ಮಾರುಕಟ್ಟೆಯೊಂದು, ಗಣಿಯೊಂದು, ರೈಲುದಾರಿಯೊಂದು, ಷೇರುಪೇಟೆಯೊಂದು, ಬಟ್ಟೆಯಂಗಡಿಯೊಂದು ಉಸಿರಾಡುತ್ತ, ಹಸಿಯುತ್ತ, ಜನರನ್ನು ನುಂಗುತ್ತ ಬೆಳೆಯುವುದನ್ನು ಆತನಂತೆ ಬರೆದವರು ಅವನಿಗೆ ಮುನ್ನ ಇರಲಿಲ್ಲ.

ಅದಕ್ಕೆ ಆತನು ಅನುಸರಿಸಿದ ಕ್ರಮ ಸರಳವಾದದ್ದು, ಆದರೆ ಬಹಳ ಶ್ರಮದ್ದು: ಹೋಗಿ ನೋಡುವುದು. 1873ರ ‘ಪ್ಯಾರಿಸಿನ ಉದರ’ ಎಂಬ ಕಾದಂಬರಿಗಾಗಿ ನಗರದ ಮಹಾಮಾರುಕಟ್ಟೆಯನ್ನು ಆತನು ಪೆನ್ಸಿಲ್ಲು ಹಿಡಿದು ಹಗಲೂ ಇರುಳೂ ಸುತ್ತಿದನು. ನಡುರಾತ್ರಿಯಲ್ಲಿ ಹಳ್ಳಿಗಳಿಂದ ತರಕಾರಿಯ ಬಂಡಿಗಳು ಸಾಲುಗಟ್ಟಿ ಬರುವುದನ್ನು ಕಾದು ಕುಳಿತನು. ನೆಲಮಾಳಿಗೆಗೆ ಇಳಿದನು, ಛಾವಣಿಗೆ ಏರಿದನು. ಆ ಕಾದಂಬರಿಯ ಮೊದಲ ಪುಟಗಳನ್ನು ರಾಮನಗರದವರು ಓದಿದರೆ ಅದು ಪರದೇಶದ್ದೆಂದು ಅನ್ನಿಸುವುದೇ ಇಲ್ಲ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ನಮ್ಮ ರೇಷ್ಮೆಗೂಡಿನ ಮಾರುಕಟ್ಟೆಗೆ ಕನಕಪುರದ ಕಡೆಯಿಂದ, ಮಾಗಡಿಯ ಕಡೆಯಿಂದ, ನೆರೆಯ ಜಿಲ್ಲೆಗಳಿಂದ, ನೆರೆರಾಜ್ಯಗಳಿಂದ ಕೂಡ ರೈತರು ಗೂಡಿನ ಚೀಲಗಳೊಡನೆ ಬೆಳಕು ಹರಿಯುವ ಮುಂಚೆಯೇ ಬಂದಿಳಿಯುವುದು ಹಾಗೆಯೇ. ಚಾಕಿಯೆಂಬ ಎಳೆಹುಳುವಿನ ಹಂತದಿಂದ ಮೊದಲುಮಾಡಿ, ಹುಳು ಪೊರೆ ಕಳಚುವ ನಾಲ್ಕು ಜ್ವರ ಎಬ್ಬಿಸಿ, ಹಗಲಿರುಳೆನ್ನದೆ ಹಿಪ್ಪುನೇರಳೆ ಸೊಪ್ಪು ಹಾಕಿ, ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟು, ಸುಮಾರು ಒಂದು ತಿಂಗಳು ಮನೆಮಂದಿಯೆಲ್ಲ ನಿದ್ದೆಗೆಟ್ಟು ಬೆಳೆಸಿದ್ದನ್ನು ಜಾಲರಿಯ ತಟ್ಟೆಯಲ್ಲಿ ಸುರಿದು, ಅದಕ್ಕೊಂದು ಲಾಟ್ ನಂಬರು ಬಿದ್ದ ಮೇಲೆ ರೈತನು ಮಾಡುವುದೊಂದೇ, ಕಾಯುವುದು. ನೂಲು ಬಿಚ್ಚುವ ರೀಲರುಗಳು ಒಬ್ಬೊಬ್ಬರಾಗಿ ಬಂದು ಹಿಡಿ ಗೂಡನ್ನು ಎತ್ತಿ ಕಿವಿಯ ಬಳಿ ಅಲುಗಾಡಿಸಿ, ಬೆರಳಿನಿಂದ ಒತ್ತಿ, ಏನೂ ಹೇಳದೆ ಮುಂದೆ ಹೋಗುತ್ತಾರೆ. ಹಿಂದೆ ಕೂಗಿ ನಡೆಯುತ್ತಿದ್ದ ಹರಾಜು ಈಗ ಮೊಬೈಲಿನಲ್ಲಿ ನಡೆಯುತ್ತದೆ. ಬೆಲೆ ಪರದೆಯ ಮೇಲೆ ಮೂಡುತ್ತದೆ. ಆ ಅಂಕಿಯನ್ನು ನೋಡುವ ರೈತನ ಮುಖವನ್ನು ಝೋಲಾ ಬಿಟ್ಟುಬಿಡುತ್ತಿರಲಿಲ್ಲ. ಗೂಡು ಒತ್ತಿ ನೋಡಿದ ರೀಲರನ ಮೇಲೆ ಇರುವ ಸಾಲವನ್ನೂ ಬಿಟ್ಟುಬಿಡುತ್ತಿರಲಿಲ್ಲ. ಒಬ್ಬನನ್ನು ದುಷ್ಟನನ್ನಾಗಿಯೂ ಮತ್ತೊಬ್ಬನನ್ನು ಸಾಧುವನ್ನಾಗಿಯೂ ಚಿತ್ರಿಸಿ ಕೈತೊಳೆದುಕೊಳ್ಳುವ ಸುಲಭದ ದಾರಿ ಆತನದಲ್ಲ.

ರೇಷ್ಮೆಯ ವಿಷಯಕ್ಕೇ ಬಂದರೆ, 1883ರಲ್ಲಿ ಪ್ರಕಟವಾದ ‘ಮಹಿಳೆಯರ ಆನಂದಧಾಮ’ ಎಂದು ಹೇಳಬಹುದಾದ ಕಾದಂಬರಿಯನ್ನು ನಮ್ಮ ಜಿಲ್ಲೆಯ ಪ್ರತಿಯೊಬ್ಬ ಓದುಗನೂ ಓದಬೇಕು. ಪ್ಯಾರಿಸಿನಲ್ಲಿ ಆಗ ತಾನೇ ತಲೆಯೆತ್ತಿದ್ದ ಬೃಹತ್ ಮಳಿಗೆಗಳಿಗೆ ಹೋಗಿ, ಮಾರಾಟಗಾರರ ಊಟದ ಕೋಣೆಯಿಂದ ಹಿಡಿದು ಅವರಿಗೆ ದೊರೆಯುವ ಕಮಿಷನ್ನಿನವರೆಗೆ ಎಲ್ಲವನ್ನೂ ಝೋಲಾ ಬರೆದಿಟ್ಟುಕೊಂಡಿದ್ದನು. ಕಥೆಯಲ್ಲಿ ಮಳಿಗೆಯ ಒಡೆಯನಾದ ಮೂರೆ ಎಂಬವನು ತನ್ನ ಮಳಿಗೆಯ ಹೆಸರಿಟ್ಟ ಕಪ್ಪು ರೇಷ್ಮೆಯೊಂದನ್ನು ಮೀಟರಿಗೆ ಐದು ಫ್ರಾಂಕು ಅರವತ್ತರಂತೆ ಮಾರಲು ಇಡುತ್ತಾನೆ. ಆ ಬೆಲೆಯಲ್ಲಿ ಅವನಿಗೆ ಲಾಭವಿಲ್ಲ, ನಷ್ಟವೇ. ಆದರೆ ಅದನ್ನು ಕೊಳ್ಳಲು ಬಂದ ಹೆಂಗಸರು ಇನ್ನಿತರ ಹತ್ತು ಸಾಮಾನು ಕೊಂಡೇ ಹೋಗುವರೆಂಬುದನ್ನು ಆತನು ಬಲ್ಲನು. ಸಣ್ಣ ಅಂಗಡಿಯೊಂದರ ರೊಬಿನೋ ಎಂಬವನು, ಲಿಯೋಂ ನಗರದ ಒಬ್ಬ ತಯಾರಕನನ್ನು ನಂಬಿ, ಅಂಥದೇ ರೇಷ್ಮೆಯನ್ನು ಇನ್ನೂ ಕೆಲವು ಕಾಸು ಕಡಮೆಗೆ ಮಾರಲು ನಿಲ್ಲುತ್ತಾನೆ. ಇವನು ಇಳಿಸಿದರೆ ಅವನು, ಅವನು ಇಳಿಸಿದರೆ ಇವನು. ಕೊನೆಗೆ ಸಣ್ಣವನು ದಿವಾಳಿಯಾಗಿ ಬಂಡಿಯ ಗಾಲಿಗೆ ಬೀಳುತ್ತಾನೆ. ಯುದ್ಧದ ವರ್ಣನೆಯಲ್ಲೂ ಇಷ್ಟು ಭೀಕರತೆಯನ್ನು ನಾನು ಕಂಡದ್ದು ವಿರಳ, ಮತ್ತು ಇಲ್ಲಿ ಆಯುಧವಾಗಿರುವುದು ಒಂದು ಬೆಲೆಚೀಟಿ.

ಈ ಅಧ್ಯಾಯವನ್ನು ಓದುವಾಗ ನಮ್ಮವರಿಗೆ 2011 ನೆನಪಾಗದೆ ಇರದು. ಆ ವರ್ಷದ ಕೇಂದ್ರ ಆಯವ್ಯಯದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಲಾಯಿತು. ಚೀನಾದ ಅಗ್ಗದ ನೂಲಿಗೆ ದಾರಿ ಸಲೀಸಾಗಿ, ಇಲ್ಲಿ ಗೂಡಿನ ಬೆಲೆ ಕುಸಿಯಿತು. ರೈತರು ಹೆದ್ದಾರಿಗೆ ಇಳಿದರು, ಹಿಪ್ಪುನೇರಳೆ ತೋಟಗಳನ್ನು ಕಿತ್ತವರೂ ಉಂಟು. ದೆಹಲಿಯ ಒಂದು ಅಂಕಿಗೂ ಕನಕಪುರದ ಒಂದು ಮನೆಯ ಮದುವೆಗೂ ನಡುವೆ ಇರುವ ಸಂಬಂಧವನ್ನು ಪತ್ರಿಕಾವರದಿ ಹೇಳಬಲ್ಲದು. ಅದನ್ನು ಅನುಭವಕ್ಕೆ ತಂದುಕೊಡುವ ಶಕ್ತಿ ಇರುವುದು ಕಾದಂಬರಿಗೆ.

ಅದೇ ಕಾದಂಬರಿಯಲ್ಲಿ ಬುರ್ರಾ ಎಂಬ ಮುದುಕನೊಬ್ಬನಿದ್ದಾನೆ. ಕೊಡೆಯ ಹಿಡಿಗಳನ್ನು ಕೈಯಿಂದ ಕೆತ್ತಿ ಬದುಕುವವನು. ಮಳಿಗೆಯವರು ಅವನ ಮುರುಕು ಮನೆಗೆ ಎಷ್ಟು ಹಣ ಕೊಡಬಂದರೂ ಒಲ್ಲೆನೆಂದು, ಸುತ್ತಲೂ ಕಟ್ಟಡವೆದ್ದು ತನ್ನನ್ನು ಹಿಸುಕುತ್ತಿದ್ದರೂ ಕದಲದೆ ಕುಳಿತವನು. ಚನ್ನಪಟ್ಟಣದಲ್ಲಿ ಆಲೆ ಮರದ ತುಂಡನ್ನು ಪಟ್ಟಡಿಗೆ ಸಿಕ್ಕಿಸಿ, ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ, ಉಜ್ಜಿದ ಬಿಸಿಗೇ ಬಣ್ಣವು ಕರಗಿ ಹರಡುವಂತೆ ಮಾಡಿ, ತಾಳೆಗರಿಯಿಂದ ಹೊಳಪು ಕೊಡುವ ಕುಶಲಿಗಳಲ್ಲಿ ಈ ಮುದುಕನ ಒಡಹುಟ್ಟಿದವರನ್ನು ಇಂದಿಗೂ ಕಾಣಬಹುದು. ಅಗ್ಗದ ಪ್ಲಾಸ್ಟಿಕ್ ಆಟಿಕೆಗಳು ಬಂದು ಬಿದ್ದಾಗ ಎಷ್ಟೋ ಮನೆಗಳ ಪಟ್ಟಡಿ ನಿಂತುಹೋಯಿತು. ಝೋಲಾನ ಮನಸ್ಸು ಈ ಸಂದರ್ಭದಲ್ಲಿ ಎರಡಾಗಿದ್ದುದನ್ನು ಮರೆಮಾಚುವಂತಿಲ್ಲ: ಹೊಸ ಮಳಿಗೆಯ ದೀಪ, ವೇಗ, ಸಾಹಸಗಳು ಅವನನ್ನು ಮರುಳುಮಾಡಿದ್ದವು, ಅದು ಬರಲೇಬೇಕಾದದ್ದೆಂದೂ ಅವನಿಗೆ ತೋರಿತ್ತು, ಆದರೂ ತುಳಿತಕ್ಕೆ ಸಿಕ್ಕವರ ಅಳಲನ್ನು ಆತನು ಒಂದಿನಿತೂ ಕುಗ್ಗಿಸಲಿಲ್ಲ. ಈ ಪ್ರಾಮಾಣಿಕತೆಯೇ ನನಗೆ ಅವನಲ್ಲಿ ಅತ್ಯಂತ ಪೂಜ್ಯವಾಗಿ ಕಾಣುವುದು.

1877ರ ‘ಲಸೊಮ್ವಾರ್’ ಆತನಿಗೆ ಹಣವನ್ನೂ ಕೀರ್ತಿಯನ್ನೂ ತಂದಿತು. ಆ ಹಣದಿಂದಲೇ ಮರುವರ್ಷ ಸೇನ್ ನದಿಯ ದಡದ ಮೆದಾಂ ಗ್ರಾಮದಲ್ಲಿ ಮನೆ ಕೊಂಡನು. ಆ ಕಾದಂಬರಿಯ ನಾಯಕಿ ಜೆರ್ವೇಸ್, ಬಟ್ಟೆ ಒಗೆದು ಇಸ್ತ್ರಿ ಮಾಡುವ ಹೆಣ್ಣು. ಗಂಡ ಛಾವಣಿಗೆ ತಗಡು ಹೊದಿಸುವವನು, ಮೇಲಿನಿಂದ ಬಿದ್ದು ಕಾಲು ಮುರಿದುಕೊಂಡು, ಗುಣವಾಗುವಷ್ಟರಲ್ಲಿ ಸೋಮಾರಿಯಾಗಿ, ಆಮೇಲೆ ಕುಡುಕನಾದವನು. ಸ್ವಂತದ್ದೊಂದು ಅಂಗಡಿ, ಹೊಟ್ಟೆಗೆ ಅನ್ನ, ಹೊಡೆಯದ ಗಂಡ, ತನ್ನ ಹಾಸಿಗೆಯಲ್ಲೇ ಬರುವ ಸಾವು ಎಂಬಷ್ಟನ್ನೇ ಬಯಸಿದ ಆಕೆಗೆ ಇವುಗಳಲ್ಲಿ ಒಂದೂ ಉಳಿಯದಂತಾಗುವುದನ್ನು ಝೋಲಾ ತಿಂಗಳು ತಿಂಗಳಾಗಿ, ಬಾಡಿಗೆಯ ಬಾಕಿ, ಒತ್ತೆಯಂಗಡಿಯ ಚೀಟಿಗಳ ಲೆಕ್ಕದಲ್ಲಿ ತೋರಿಸುತ್ತಾನೆ. ಕೂಲಿಕಾರರನ್ನು ಅವಮಾನಿಸಿದನೆಂದು ಎಡಪಂಥದವರೂ, ಹೊಲಸನ್ನು ಎರಚಿದನೆಂದು ಬಲಪಂಥದವರೂ ಒಟ್ಟಿಗೆ ಮೇಲೆ ಬಿದ್ದರು. ಆ ಒಗೆಯುವ ಕಟ್ಟೆಯ ಹಬೆ, ಸೋಪಿನ ನೀರು, ಬೆಂದ ಕೈಗಳ ವರ್ಣನೆಯನ್ನು ಓದಿದವರು ರಾಮನಗರದ ಒಂದು ಹಳೆಯ ನೂಲು ಬಿಚ್ಚಾಣಿಕೆ ಘಟಕದೊಳಕ್ಕೆ ಹೋಗಿ ನೋಡಲಿ. ಕುದಿಯುವ ನೀರಿನಲ್ಲಿ ಬೆಂದ ಗೂಡುಗಳು, ಸತ್ತ ಕೋಶದ ಕಮಟು ವಾಸನೆ, ತಗ್ಗಾದ ಮಾಡಿನ ಕೆಳಗೆ ಕವಿದ ಹಬೆ. ಆ ಬಿಸಿನೀರಿನಲ್ಲಿ ಬೆರಳಾಡಿಸಿ ಗೂಡಿನ ತುದಿಯನ್ನು ಹಿಡಿದು, ಹಲವು ಎಳೆಗಳನ್ನು ಒಂದಾಗಿ ಮೇಲಕ್ಕೆ ಬಿಡುವ ಹೆಂಗಸು. ಒಳ್ಳೆಯ ದ್ವಿತಳಿ ಗೂಡಿನ ಒಂದೇ ಎಳೆ ಸುಮಾರು ಒಂದು ಕಿಲೋಮೀಟರಿನಷ್ಟು ಉದ್ದ ಬರುತ್ತದೆ, ಅದು ಕಡಿಯದಂತೆ ಆಕೆ ದಿನವಿಡೀ ನೋಡಿಕೊಳ್ಳಬೇಕು. ಸಂಜೆಗೆ ಬೆರಳ ತುದಿಗಳು ಬಿಳಿಚಿ, ತೊಗಲು ಸುಲಿದು, ಅನ್ನಕ್ಕೆ ಖಾರದ ಸಾರು ಕಲಸಿಕೊಂಡರೆ ಉರಿಯುತ್ತವೆ. ಒಂದು ಕಾಲದಲ್ಲಿ ಈ ಕೆಲಸಕ್ಕೆ, ಅಪ್ಪ ಅಮ್ಮ ತೆಗೆದುಕೊಂಡ ಮುಂಗಡಕ್ಕೆ ಪ್ರತಿಯಾಗಿ, ಮಕ್ಕಳನ್ನು ಕೂರಿಸುತ್ತಿದ್ದುದು ರಾಮನಗರ, ಮಾಗಡಿಗಳ ಹೆಸರನ್ನು ದೂರದೇಶಗಳ ವರದಿಗಳಲ್ಲಿ ಕಾಣಿಸಿತ್ತು. ಸ್ವಯಂಚಾಲಿತ ಯಂತ್ರಗಳು ಬಂದ ಕಡೆ ಈ ಚಿತ್ರ ಬದಲಾಗುತ್ತಿದೆ. ಬದಲಾಗುವ ಮೊದಲೇ ಯಾರಾದರೂ ಅದನ್ನು ಬರೆದಿಡಬೇಕಾಗಿತ್ತು.

ಝೋಲಾನ ಅತ್ಯುನ್ನತ ಕೃತಿ ಯಾವುದೆಂಬ ಪ್ರಶ್ನೆಗೆ ನನ್ನ ಉತ್ತರ ‘ಜೆರ್ಮಿನಾಲ್’, 1885. ಹಿಂದಿನ ವರ್ಷದ ಫೆಬ್ರವರಿಯಲ್ಲಿ ಉತ್ತರ ಫ್ರಾನ್ಸಿನ ಆಂಝಾಂ ಕಲ್ಲಿದ್ದಲ ಗಣಿಗಳಲ್ಲಿ ಮುಷ್ಕರ ಹೂಡಿದ್ದ ಸಮಯದಲ್ಲಿ, ಅಲ್ಲಿನ ಸಂಸತ್ಸದಸ್ಯನೊಬ್ಬನ ಕಾರ್ಯದರ್ಶಿಯೆಂದು ಹೇಳಿಕೊಂಡು ಆತನು ಹೋದನು. ಗಣಿಕಾರರ ಸಾಲುಮನೆಗಳಲ್ಲಿ ಕುಳಿತು ಅವರ ಖರ್ಚುವೆಚ್ಚ ಕೇಳಿದನು. ದೀಪ ಹಿಡಿದು ತಾನೇ ನೆಲದಾಳಕ್ಕೆ ಇಳಿದು, ತೆವಳಬೇಕಾದ ಕಡೆ ತೆವಳಿದನು. ಅಲ್ಲಿ, ಒಮ್ಮೆ ಕೆಳಗಿಳಿಸಿದ ಮೇಲೆ ಮತ್ತೆ ಬಿಸಿಲನ್ನೇ ಕಾಣದೆ ಬಂಡಿಯೆಳೆಯುವ ಕುದುರೆಗಳಿದ್ದವು. ಕಾದಂಬರಿಯಲ್ಲಿ ಅವುಗಳಲ್ಲೊಂದು ‘ಬತಾಯ್’ ಎಂಬ ಮುದಿಕುದುರೆಯಾಗಿ ಬರುತ್ತದೆ. ಗಣಿಗೆ ನೀರು ನುಗ್ಗಿದಾಗ ಅದು ದಾರಿಗಾಗಿ ಕತ್ತಲಲ್ಲಿ ಓಡಿ ಸಾಯುವ ಪುಟಗಳು ಜಗತ್ತಿನ ಕಥಾಸಾಹಿತ್ಯದಲ್ಲೇ ಮರೆಯಲಾಗದವು.

ಆ ಕುದುರೆಯನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಮಾಗಡಿ ತಾಲ್ಲೂಕಿನ ಮಂಚನಬೆಲೆಗೆ ಹೋಗುತ್ತದೆ. ಅರ್ಕಾವತಿಗೆ ಅಡ್ಡಲಾಗಿ ಕಟ್ಟಿದ ಜಲಾಶಯಕ್ಕಾಗಿ ಈಗ ಜನ ನೋಡಹೋಗುವ ಆ ಊರಿನಲ್ಲಿ 1954ರಲ್ಲಿ ಹುಟ್ಟಿದವರು ಕವಿ ಸಿದ್ಧಲಿಂಗಯ್ಯನವರು. ಅವರ ಆತ್ಮಕಥೆ ‘ಊರುಕೇರಿ’ಯ ಆರಂಭದ ಭಾಗದಲ್ಲಿ, ಒಡೆಯರೊಬ್ಬರ ಹೊಲದಲ್ಲಿ ಎತ್ತುಗಳಿಗೆ ಬದಲಾಗಿ ಇಬ್ಬರು ಮನುಷ್ಯರ ಹೆಗಲಿಗೆ ನೊಗವಿಟ್ಟು ಉಳುತ್ತಿರುವುದನ್ನು ಹುಡುಗನೊಬ್ಬ ನೋಡುತ್ತಾನೆ, ಆ ಇಬ್ಬರಲ್ಲಿ ಒಬ್ಬರು ಅವನ ತಂದೆ. ಸಿದ್ಧಲಿಂಗಯ್ಯನವರು ಇದನ್ನು ಹೇಳುವಾಗ ಧ್ವನಿಯನ್ನು ಏರಿಸುವುದಿಲ್ಲ, ವಿಶೇಷಣಗಳನ್ನು ಹೇರುವುದಿಲ್ಲ; ಕಂಡದ್ದನ್ನು ಕಂಡಷ್ಟೇ ಹೇಳಿ ಮುಂದಕ್ಕೆ ನಡೆಯುತ್ತಾರೆ. ಝೋಲಾ ತನ್ನ ಜೀವಮಾನವಿಡೀ ಸಾಧಿಸಲು ಹೆಣಗಿದ ನಿಷ್ಠುರ ಸತ್ಯದರ್ಶನವು ನಮ್ಮ ನಾಲ್ಕು ತಾಲ್ಲೂಕುಗಳ ಮಣ್ಣಿನಿಂದ ಎದ್ದುಬಂದದ್ದು ಇಲ್ಲಿ, ಮತ್ತು ಹೊರಗಿನಿಂದ ನೋಡಹೋದವನ ಕಣ್ಣಿಂದಲ್ಲ, ನೊಗದಡಿಯಲ್ಲಿದ್ದವನ ಮಗನ ಕಣ್ಣಿಂದ. ಫ್ರೆಂಚ್ ಗುರುವಿಗೆ ದೊರೆಯದ ಅಧಿಕಾರವಿದು. 2021ರ ಜೂನ್‌ನಲ್ಲಿ ಅವರು ಅಗಲಿದ ಮೇಲೆ ಆ ಪುಸ್ತಕದ ತೂಕ ನಮಗೆ ಇನ್ನಷ್ಟು ತಿಳಿಯುತ್ತಿದೆ.

ಕನ್ನಡದ ಕಾದಂಬರಿಗೆ ಝೋಲಾನ ದಾರಿಯ ಪರಿಚಯವಿಲ್ಲದಿರಲಿಲ್ಲ. 1940ರ ದಶಕದಲ್ಲಿ ಅ.ನ. ಕೃಷ್ಣರಾಯರ ಮುಂದಾಳುತನದಲ್ಲಿ ಪ್ರಗತಿಶೀಲ ಚಳವಳಿ ಎದ್ದಾಗ, ತ.ರಾ.ಸು., ನಿರಂಜನ, ಬಸವರಾಜ ಕಟ್ಟೀಮನಿ, ಚದುರಂಗ ಮೊದಲಾದವರು ಸಾಹಿತ್ಯವನ್ನು ದುಡಿಯುವವರ ಬೀದಿಗೆ ಕರೆತಂದರು. ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಎಂಬ ಮೂರು ಕಾದಂಬರಿಗಳಲ್ಲಿ ಅ.ನ.ಕೃ. ವೇಶ್ಯಾಸಮಸ್ಯೆಯನ್ನು ಎತ್ತಿಕೊಂಡಾಗ ಅಶ್ಲೀಲವೆಂಬ ಕೂಗೆದ್ದಿತು. ಅದಕ್ಕೆ ಅವರು ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಒಂದು ಪುಸ್ತಕವನ್ನೇ ಬರೆದು ಉತ್ತರಿಸಿದರು. ‘ನಾನಾ’ ಎಂಬ ಕಾದಂಬರಿಯನ್ನು ಬರೆದ ಝೋಲಾನಿಗೂ ಒದಗಿದ್ದು ಇದೇ. 1887ರಲ್ಲಿ ‘ಭೂಮಿ’ ಎಂಬ ರೈತಕಾದಂಬರಿ ಬಂದಾಗ ಐವರು ತರುಣ ಲೇಖಕರೇ ಪತ್ರಿಕೆಯಲ್ಲಿ ಬಹಿರಂಗವಾಗಿ ಅವನನ್ನು ತೊರೆದರು. ಅವನ ಪುಸ್ತಕಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ ತಪ್ಪಿಗಾಗಿ ಹೆನ್ರಿ ವಿಜಟೆಲಿ ಎಂಬ ವೃದ್ಧ ಪ್ರಕಾಶಕನು 1889ರಲ್ಲಿ ಲಂಡನ್ನಿನಲ್ಲಿ ಮೂರು ತಿಂಗಳು ಸೆರೆವಾಸ ಅನುಭವಿಸಿದನು. ಗುಣದಲ್ಲಿ ‘ಜೆರ್ಮಿನಾಲ್’ಗೆ ಅತ್ಯಂತ ಸಮೀಪದ ಕನ್ನಡ ಕೃತಿ ನಿರಂಜನರ ‘ಚಿರಸ್ಮರಣೆ’ ಎಂದು ನಾನು ಭಾವಿಸುತ್ತೇನೆ. ಕಾಸರಗೋಡು ಸೀಮೆಯ ಕಯ್ಯೂರಿನ ರೈತರು ಜಮೀನ್ದಾರಿಕೆಯ ವಿರುದ್ಧ ಎದ್ದದ್ದು, 1943ರ ಮಾರ್ಚ್ 29ರಂದು ನಾಲ್ವರು ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿದ್ದು ಅದರ ವಸ್ತು. ಅಲ್ಲಿ ಇಡೀ ಊರೇ ನಾಯಕ.

ಲೇಖನಿಯ ಬಲದಿಂದ ಗಳಿಸಿದ ಮನೆ, ಮಾನ, ನೆಮ್ಮದಿಗಳನ್ನೆಲ್ಲ ಐವತ್ತೇಳನೆಯ ವಯಸ್ಸಿನಲ್ಲಿ ಪಣಕ್ಕಿಟ್ಟದ್ದು ಝೋಲಾನ ಬಾಳಿನ ಕಡೆಯ ಮಹತ್ಕಾರ್ಯ. ದ್ರೇಫಸ್ ಎಂಬ ಯಹೂದಿ ಸೇನಾಧಿಕಾರಿಯನ್ನು ಮಾಡದ ದ್ರೋಹಕ್ಕಾಗಿ ದ್ವೀಪವೊಂದರಲ್ಲಿ ಕೊಳೆಹಾಕಿದ್ದರು. 1898ರ ಜನವರಿ 13ರಂದು ‘ಲೋರೋರ್’ ಪತ್ರಿಕೆಯ ಮುಖಪುಟದಲ್ಲಿ ರಾಷ್ಟ್ರಾಧ್ಯಕ್ಷನಿಗೆ ಬರೆದ ಬಹಿರಂಗಪತ್ರದಲ್ಲಿ ಝೋಲಾ ತಪ್ಪಿತಸ್ಥ ಸೇನಾನಿಗಳನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಆರೋಪಿಸಿದನು. ಸುಮಾರು ಮೂರು ಲಕ್ಷ ಪ್ರತಿಗಳು ಅಂದು ಮಾರಾಟವಾದವು. ಮೊಕದ್ದಮೆ ನಡೆದು ಒಂದು ವರ್ಷದ ಸೆರೆ, ಮೂರು ಸಾವಿರ ಫ್ರಾಂಕು ದಂಡ ಬಿದ್ದಿತು. ಹೊರಗೆ ಗುಂಪು ಅವನ ಸಾವನ್ನು ಬೇಡಿ ಕೂಗುತ್ತಿತ್ತು. ಇಂಗ್ಲೆಂಡಿಗೆ ಹೋಗಿ ಸುಮಾರು ಒಂದು ವರ್ಷ ಮರೆಯಲ್ಲಿದ್ದು ಹಿಂದಿರುಗಿದನು. 1902ರ ಸೆಪ್ಟೆಂಬರ್ 29ರಂದು, ಮುಚ್ಚಿಹೋಗಿದ್ದ ಹೊಗೆಗೂಡಿನಿಂದ ಮಲಗುವ ಕೋಣೆಗೆ ಹಬ್ಬಿದ ವಿಷವಾಯುವಿಗೆ ಬಲಿಯಾದನು; ಹೆಂಡತಿ ಬದುಕಿಕೊಂಡಳು. ಶವಯಾತ್ರೆಯಲ್ಲಿ ಗಣಿಕಾರರ ಗುಂಪೊಂದು ‘ಜೆರ್ಮಿನಾಲ್’ ಎಂದು ಕೂಗುತ್ತ ನಡೆಯಿತು. ಫ್ರೆಂಚ್ ಅಕಾಡೆಮಿಯು ಅವನನ್ನು ಕೊನೆಯವರೆಗೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಗಣಿಕಾರರು ಅವನ ಪುಸ್ತಕದ ಹೆಸರನ್ನೇ ಘೋಷವನ್ನಾಗಿ ಮಾಡಿಕೊಂಡರು.

ನಮ್ಮ ಕಥಾಸಾಹಿತ್ಯದಲ್ಲಿ ರೇಷ್ಮೆ ಹಿನ್ನೆಲೆಯಾಗಿ ಬಂದಿದ್ದೀತು; ‘ಪ್ಯಾರಿಸಿನ ಉದರ’ದಲ್ಲಿ ಮಾರುಕಟ್ಟೆ ಬಂದಂತೆ ನಾಯಕನಾಗಿ ಬಂದದ್ದು ನನ್ನ ಓದಿನಲ್ಲಿ ಇಲ್ಲ. ಈ ನಾಲ್ಕು ಊರುಗಳ ಕಾಲೇಜುಗಳಲ್ಲಿ ಇಂದು ಬರೆಯಲು ಕೈಹಾಕುತ್ತಿರುವ ಹುಡುಗ ಹುಡುಗಿಯರಲ್ಲಿ ರೈತನ ಮಗನೂ ಇದ್ದಾನೆ, ರೀಲರನ ಮಗಳೂ ಇದ್ದಾಳೆ. ಒಬ್ಬನ ಮನೆಯಲ್ಲಿ ಕನ್ನಡ, ಒಬ್ಬಳ ಮನೆಯಲ್ಲಿ ಉರ್ದು. ಒಂದೇ ಗೂಡಿನ ಎರಡು ಬದಿಯಲ್ಲಿ ನಿಂತ ಅವರಿಬ್ಬರೂ ಒಂದು ವರ್ಷ ಕೈಯಲ್ಲಿ ಪುಸ್ತಕ ಹಿಡಿದು, ಬಿತ್ತನೆ ಕೋಠಿಯ ಮೊಟ್ಟೆಯಿಂದ ಹಿಡಿದು ಚಾಕಿ ಮನೆ, ಹುಳು ಮನೆ, ಹರಾಜು, ಬಿಚ್ಚಾಣಿಕೆ, ಹುರಿ ಮಾಡುವ ಕಾರ್ಖಾನೆ, ಮಗ್ಗ, ಕಡೆಗೆ ಬೆಂಗಳೂರಿನ ಚಿಕ್ಕಪೇಟೆಯ ಸೀರೆಯಂಗಡಿಯವರೆಗೆ ಒಂದೇ ಎಳೆಯ ಬೆನ್ನುಹತ್ತಿ ಹೋಗಿ, ಪ್ರತಿ ಹಂತದಲ್ಲೂ ಯಾರಿಗೆ ಎಷ್ಟು ಸಿಕ್ಕಿತು, ಯಾರ ಕೈ ಎಲ್ಲಿ ಬೆಂದಿತು, ಯಾರು ಯಾರಿಗೆ ಎಷ್ಟು ಸಾಲ ತೀರಿಸಬೇಕಿದೆ ಎಂಬುದನ್ನು ಕೇಳಿ ಬರೆದುಕೊಳ್ಳಲಿ. ಮೊದಲ ಅಧ್ಯಾಯ ನಸುಕಿನ ಗೂಡಿನ ಮಾರುಕಟ್ಟೆಯಲ್ಲಿ ತೊಡಗಬಹುದು. 2011ರ ಬೆಲೆಕುಸಿತಕ್ಕೆ ನಡುವಿನ ಅಧ್ಯಾಯಗಳು ಬೇಕಾಗುತ್ತವೆ.